ಬೇರೆ ಕಂಪನಿಯ ದಿಂಬು

ವಾರಿಜಳ ದಿಂಬು ಒಂದು ಕಂಪನಿಯದು, ಗಂಡ ನಿರಂಜನನದು ಇನ್ನೊಂದು. ಎರಡೂ ಕನಸುಗಳನ್ನು ಚಾಚೂ ತಪ್ಪದೆ ಹಿಡಿದಿಡುತ್ತಿದ್ದವು, ಆದರೆ ಒಂದರ ಕನಸು ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಹಾಗಾಗಿ ಮದುವೆಯಾದ ಐದು ವರ್ಷವೂ ಅವಳು ಬೆಳಗಿನ ಕಾಫಿಯ ಜೊತೆ ತನ್ನ ಕನಸನ್ನು ಬಾಯಲ್ಲೇ ಹೇಳುತ್ತ ಬಂದಿದ್ದಳು: ಮಾತಾಡುವ ಆಮೆ, ಏಳು ಸುತ್ತಿನ ಕೋಟೆ, ಬೆಕ್ಕಿಗೆ ಹೆದರುವ ರಾಕ್ಷಸ. ಎಲ್ಲವೂ ಹಾಲು ಕಾಯುವಷ್ಟರಲ್ಲಿ ಅವಳೇ ಹೆಣೆದದ್ದು.

ಇವತ್ತು ಎರಡು ಕಂಪನಿಗಳೂ ರಾಜಿಯಾಗಿಬಿಟ್ಟಿದ್ದವು.

“ಕಳಿಸೇ! ಇನ್ಮೇಲೆ ಯಾವ ದಿಂಬಿಂದ ಯಾವ ದಿಂಬಿಗೆ ಬೇಕಾದ್ರೂ ಹೋಗುತ್ತಂತೆ.”

“ಬೇಡ ರೀ, ನಾನೇ ಹೇಳ್ತೀನಿ.”

“ನೀನು ಹೇಳೋದೇ ಅಷ್ಟು ಚೆನ್ನಾಗಿದ್ರೆ, ನೋಡೋಕೆ ಇನ್ನು ಹೇಗಿರಬೇಡ!” ಎಂದು ನಿರಂಜನ ತಾನೇ ಅವಳ ದಿಂಬಿನ ಗುಂಡಿ ಒತ್ತಿ, ತನ್ನ ದಿಂಬಿಗೆ ತಲೆಯಿಟ್ಟು ಕಣ್ಣು ಮುಚ್ಚಿದ. ನಾಳೆಯಿಂದ ತನ್ನ ಮಾತನ್ನು ಯಾರು ಕೇಳುತ್ತಾರೆ ಎಂದುಕೊಂಡಳು ವಾರಿಜ.

ಎರಡೇ ನಿಮಿಷಕ್ಕೆ ಅವನು ಎದ್ದು ಕೂತ. “ರೇಷನ್ ಅಂಗಡಿ ಸಾಲಲ್ಲಿ ನಿಂತಿದ್ದೀಯ. ಪೂರ್ತಿ ಅಷ್ಟೇ ಇದೆ.”

“ಯಾವಾಗಲೂ ಅಷ್ಟೇ ಇರೋದು ರೀ. ಆಮೆ, ರಾಕ್ಷಸ ಎಲ್ಲಾ ನಾನೇ ಕಟ್ಟಿದ್ದು.”

ನಿರಂಜನ ಅವಳನ್ನೇ ದಿಟ್ಟಿಸಿದ. ಆಮೇಲೆ ಕಾಫಿ ಲೋಟ ಎತ್ತಿಕೊಂಡು, ಕಾಲು ಮಡಚಿ ಆರಾಮಾಗಿ ಕೂತ.

“ಸರಿ, ಸಾಲಲ್ಲಿ ನಿನ್ನ ಮುಂದೆ ಒಬ್ಬಳು ಮುದುಕಿ ಇದ್ದಳಲ್ಲ, ಅವಳ ಚೀಲದಲ್ಲಿ ಏನಿತ್ತು?”

ವಾರಿಜ ತನ್ನ ಲೋಟ ಪಕ್ಕಕ್ಕಿಟ್ಟು ಅವನತ್ತ ತಿರುಗಿದಳು.

“ಅವಳನ್ನ ನೀವು ಮುದುಕಿ ಅಂದ್ಕೊಂಡ್ರಾ?” ಎಂದಳು.