ಎರಡನೆಯ ವೃತ್ತ

ಮುಟ್ಟಿದ್ದು ಗೊತ್ತಾದರೂ ಗೊತ್ತಾಗದವಳಂತೆ ಕೂರುವುದು ತನ್ನಿಂದ ಆದೀತೇ? ಕೆ.ಆರ್. ಪೇಟೆಯ ನರ್ಸಿಂಗ್ ಕಾಲೇಜಿನ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದ ಶ್ವೇತಳಿಗೆ ಅದೊಂದೇ ಚಿಂತೆ. ಹಿಂದಿನ ದಿನ ಡೈರಿಯಲ್ಲೂ ಇದನ್ನೇ ಬರೆದಿದ್ದಳು: ನನಗೆ ಸುಳ್ಳು ಬರುವುದಿಲ್ಲ.

ಬಿ.ಎ. ಮುಗಿಸಿ ಶೀಳನೆರೆಯ ಮನೆಯಲ್ಲಿ ಎರಡು ವರ್ಷ ಕೂತವಳಿಗೆ ಸಿಕ್ಕಿದ್ದ ಕೆಲಸ ಅದು. ಪರೀಕ್ಷೆಯ ದಿನ ರೋಗಿಯ ವೇಷ. ನಿಜವಾದ ರೋಗಿಗಳನ್ನು ಮುಟ್ಟುವ ಮೊದಲು ವಿದ್ಯಾರ್ಥಿನಿಯರು ಇವಳ ಮೇಲೆ ಕೈ ಪಳಗಿಸಿಕೊಳ್ಳಬೇಕು. ಶ್ವೇತಳದು ಮಾತು ಕಡಿಮೆ. ಹೋದ ತಿಂಗಳು ಬಿಸಿ ಹಂಚು ತಗುಲಿ ಎಡ ಮೊಣಕೈ ಬೊಬ್ಬೆಯೆದ್ದರೂ ತಿಳಿಯದಷ್ಟು ಮೈಮರೆವು ಎಂದು ಅವ್ವ ಬೈದಿದ್ದಳು. ಸುಮ್ಮನೆ ಕೂರುವ ಕೆಲಸಕ್ಕೆ ಇಂಥವಳೇ ಸರಿ.

ಇವತ್ತಿನ ವೇಷ ಕುಷ್ಠರೋಗಿಯದು. ವಿದ್ಯಾರ್ಥಿನಿ ಪೆನ್ನಿನ ತುದಿಯಿಂದ ಅಲ್ಲಲ್ಲಿ ಮುಟ್ಟುತ್ತಾಳೆ. ಮುಟ್ಟಿದಲ್ಲಿ ರೋಗಿ ಬೆರಳಿಡಬೇಕು. ಬೆರಳಿಡದ ಜಾಗ ಮರಗಟ್ಟಿದೆ ಎಂದರ್ಥ. ಅಲ್ಲಿ ವೃತ್ತ ಎಳೆಯಬೇಕು. ಶ್ವೇತಳಿಗೆ ಕೊಟ್ಟ ಚೀಟಿಯಲ್ಲಿ ಮರಗಟ್ಟಿದಂತೆ ನಟಿಸಬೇಕಾದ ಜಾಗ ಒಂದೇ ಇತ್ತು: ಬಲಗೈ, ಭುಜದಿಂದ ನಾಲ್ಕು ಬೆರಳು ಕೆಳಗೆ.

ಪರೀಕ್ಷೆಗೆ ನಿಂತವಳು ಪಾಂಡವಪುರದ ಮಹ್ವಿಶ್. ಒಮ್ಮೆ ಫೇಲಾಗಿದ್ದಳು. ಈ ಸಲವೂ ಆದರೆ ಕಾಲೇಜು ಬಿಡಬೇಕು.

ಪೆನ್ನು ಬಲಭುಜದ ಕೆಳಗೆ ಬಂತು. ಶ್ವೇತ ಹಲ್ಲು ಕಚ್ಚಿದಳು. ಬೆರಳು ಅಲುಗಲಿಲ್ಲ. ಮಿಕ್ಕೆಡೆ ತಿಳಿದಲ್ಲೆಲ್ಲ ಬೆರಳಿಟ್ಟಳು. ಗೆದ್ದೆ ಎಂದುಕೊಂಡು ಕಣ್ಣು ತೆರೆದಳು.

ಪರೀಕ್ಷಕಿ ರಮ್ಯ ಮೇಡಂ ಬಲಗೈಯ ವೃತ್ತ ನೋಡಿ ಸರಿ ಎಂದು ತಲೆಯಾಡಿಸಿದರು. ಎಡಗೈ ಎತ್ತಿದವರು ಹುಬ್ಬು ಗಂಟಿಕ್ಕಿದರು. ಮೊಣಕೈ ಹಿಂದೆ ಇನ್ನೊಂದು ನೀಲಿ ವೃತ್ತ.

“ಚೀಟೀಲಿ ಇರೋದು ಒಂದು. ನೀನು ಎರಡು ಬರ್ದಿದ್ದೀಯ. ಒಂದು ತಗೊಂಡ್ರೆ ಒಂದು ಫ್ರೀನೇನಮ್ಮ, ರೋಗ?”

“ಅಲ್ಲಿ ಮೂರು ಸಲ ಮುಟ್ಟಿವ್ನಿ ಮೇಡಂ. ಇವ್ರು ಬೆರಳಿಕ್ಕಲೇ ಇಲ್ಲ.”

ಮೇಡಂ ನಂಬಲಿಲ್ಲ. ಊಹೆಯ ಮೇಲೆ ಬರೆದಿದ್ದೀಯ, ಇಲ್ಲದವರಿಗೆ ರೋಗ ಅಂಟಿಸುವ ನರ್ಸು ಯಾರಿಗೂ ಬೇಡ ಎಂದು ಕೆಂಪು ಪೆನ್ನು ತೆಗೆದರು. ಮಹ್ವಿಶ್ ಅಳಲಿಲ್ಲ. ಶ್ವೇತಳ ಮುಖವನ್ನೇ ನೋಡುತ್ತ ನಿಂತಳು.

ಈ ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎನಿಸಿತು ಶ್ವೇತಳಿಗೆ. ಎಡಗೈಯ ಆ ಜಾಗವನ್ನು ಯಾರೂ ಮುಟ್ಟಿರಲಿಲ್ಲ. ಹಾಗೆಂದು ಹೇಳಿದರೆ ಮಹ್ವಿಶಳ ಓದು ಹೋಗುತ್ತದೆ. ನಾನೇ ಮೈಮರೆತೆ ಎಂದರೆ ತನ್ನ ಕೆಲಸ ಹೋಗುತ್ತದೆ.

ಎದ್ದು, ಕೈತೊಳೆಯುವ ಬೇಸಿನ್ನಿನ ಮೇಲಿದ್ದ ಕನ್ನಡಿಗೆ ಮೊಣಕೈ ತಿರುಗಿಸಿದಳು. ವೃತ್ತದೊಳಗೆ ಮೂರು ನೀಲಿ ಚುಕ್ಕೆಗಳು, ಒಂದರ ಪಕ್ಕ ಒಂದು.

ಅಲ್ಲೇ ಹೆಬ್ಬೆರಳಿನ ಉಗುರು ಊರಿದಳು. ಇನ್ನಷ್ಟು ಊರಿದಳು. ಚರ್ಮದಲ್ಲಿ ಗುರುತು ಕೂತಿತು.

ಅವಳು ಮುಟ್ಟಿದ್ದು ನಿಜವೋ ಸುಳ್ಳೋ ಅಷ್ಟು ಹೇಳಿಬಿಡು ಎಂದರು ಮೇಡಂ, ಕೆಂಪು ಪೆನ್ನಿನ ಮುಚ್ಚಳ ತೆಗೆಯುತ್ತ.

“ಬಲಗೈದು ನಾಟಕ ಮೇಡಂ,” ಎಂದಳು ಶ್ವೇತ. “ಎಡಗೈದು ನಿಜ.”