ಅಳುವ ಪರವಾನಗಿ

ನೆರೆಮನೆಯ ನೀಲವ್ವ ತೀರಿಕೊಂಡಳೆಂದು ಬಾಳವ್ವ ಎದೆ ಬಡಿದುಕೊಂಡು ಓಡಿದಳು. ಸಾವಿನ ಮನೆಯ ಬಾಗಿಲಲ್ಲಿ ಅಳುವವರಿಗೆ ಪರವಾನಗಿ ಕೊಡುವ ಸರಕಾರಿ ಯಂತ್ರ ಎಂದಿನಂತೆ ಅವಳ ಮುಖ ನೋಡಿತು.

“ನಳದ ಕಟ್ಟೆಯ ಜಗಳಗಳೆಲ್ಲ ದಾಖಲಾಗಿವೆ. ನೀವು ಮೃತರ ವೈರಿ. ಅಳಲು ಪರವಾನಗಿ ಇಲ್ಲ, ಬೈಯಬಹುದು.”

ಪರವಾನಗಿಯಿಲ್ಲದೆ ಅತ್ತರೆ ರೇಷನ್ ನಿಲ್ಲುತ್ತಿತ್ತು.

“ಜಗಳಾ ಆಡದಿದ್ರ ನಮಗ ಉಂಡದ್ದು ಕರಗತಿತ್ತೇನೋ ಮೂಳಾ?” ಎಂದು ಯಂತ್ರಕ್ಕೆ ಗದರಿ ಬಾಳವ್ವ ಒಳಹೊಕ್ಕಳು. ಹೂ ಮುಡಿಸಿ ಗೋಡೆಗೆ ಒರಗಿಸಿ ಕೂರಿಸಿದ್ದ ಗೆಳತಿಯ ಹೆಣದ ಮುಂದೆ ಕುಸಿದು ಕಣ್ಣು ಬಿಗಿದು ಮುಚ್ಚಿದಳು.

“ಏಳ ನನ್ನ ಸವತಿ! ನಾಳೆ ನನ್ನ ಕೊಡಾ ಯಾರ ಒದೀತಾರ? ನನ್ನೊಬ್ಬಾಕೀನ ಬಿಟ್ಟು ಹೊಂಟೀಯಲ್ಲ, ನಿನ್ನ ಬಾಯಾಗ ಮಣ್ಣ ಬೀಳಲಿ!”

ಪರವಾನಗಿ ಪಡೆದೂ ಕಣ್ಣೀರು ಬಾರದೆ ಕೂತಿದ್ದ ನೀಲವ್ವನ ಸೊಸೆಯಂದಿರು ಗೊಳೋ ಎಂದರು.

“ವೈರತ್ವ ಇನ್ನೂ ಜೋರಾಗಿದೆ,” ಎಂದು ಯಂತ್ರ ತೃಪ್ತಿಯಿಂದ ದಾಖಲಿಸಿತು.