ಸಾಕ್ಷಿ ಹೇಳಲು ಬಂದ ತಾಯಿ

"ಮಗಳು ಸಣ್ಣವಳಿದ್ದಾಗ ಹೇಗಿದ್ದಳು ಅಮ್ಮ?" ಎಂದು ಡಾಕ್ಟರ್ ಚಿತ್ತರಂಜನರು ಪೆನ್ನು ಬಿಚ್ಚಿ ಕೇಳಿದ್ದೇ ತಡ, ಎಸ್ತೆರ್ ಬಾಯಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತರು.

"ಚಿನ್ನದಂಥ ಹುಡುಗಿ ಡಾಕ್ಟ್ರೇ. ಒಂದು ದಿನವೂ ಯಾರಿಂದಲೂ ಒಂದು ಮಾತು ಕೇಳಿಸಿಕೊಂಡವಳಲ್ಲ."

"ಕೊಡೆ, ಪುಸ್ತಕ, ಅಂಥದ್ದೆಲ್ಲ ಕಳೆದುಕೊಂಡು ಬರ್ತಿದ್ದಳಾ?"

"ಇಲ್ಲವೇ ಇಲ್ಲ."

"ಕೂತಲ್ಲಿ ಕೂರ್ತಿದ್ದಳಾ?"

"ಕೂರಿಸಿದಲ್ಲಿ ಕೂರುವ ಮಗು. ಅಡುಗೆಯಲ್ಲಿ ಸಹ ಒಳ್ಳೆ ಕೈ ಉಂಟು. ಇವಳ ಬಂಗುಡೆ ಮೀನಿನ ಸಾರು ಉಂಡವರು ಇವತ್ತಿಗೂ ನೆನಪು ಮಾಡ್ತಾರೆ."

ಡಾಕ್ಟರರ ಪೆನ್ನು ಬಂಗುಡೆಯ ಹತ್ತಿರ ನಿಂತುಬಿಟ್ಟಿತು. ಎಸ್ತೆರ್ ಬಾಯಿಯದೇನೂ ತಪ್ಪಲ್ಲ. ಬಜಪೆಯ ಮನೆಗೆ ಬಂದು ಮಗಳ ಗುಣ ವಿಚಾರಿಸಿದ ಹೊರಗಿನವರು ಎಂದರೆ ಹೆಣ್ಣು ನೋಡಲು ಬಂದವರು ಮಾತ್ರ. ಯಾರಾದರೂ ಮಗಳ ಬಗ್ಗೆ ಕೇಳಿದರೆ ಆ ಬಾಯಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

ಪಕ್ಕದ ಕುರ್ಚಿಯಲ್ಲಿ ಮಗಳು ಸೋನಿಯಾ ಒಂದೊಂದು ಹೊಗಳಿಕೆಗೂ ಒಂದಿಷ್ಟು ಕುಸಿಯುತ್ತಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಹೋದ ತಿಂಗಳು ಒಬ್ಬರಿಗೆ ಕೊಡಬೇಕಾದ ಇಂಜೆಕ್ಷನ್ ಹಿಡಿದುಕೊಂಡು ಇನ್ನೊಬ್ಬರ ತೋಳಿಗೆ ಸ್ಪಿರಿಟ್ ಹಚ್ಚಿಯಾಗಿತ್ತು. ಜೊತೆಯವಳು ಓಡಿ ಬಂದು ಕೈ ಹಿಡಿದದ್ದರಿಂದ ಒಂದು ಜೀವ ಉಳಿಯಿತು. ಅವತ್ತು ರಜೆ ಹಾಕಿ ಬಂದವಳು ಮತ್ತೆ ವಾರ್ಡಿನ ಕಡೆ ತಲೆ ಹಾಕಿರಲಿಲ್ಲ. ಬಿಜೈಯ ಈ ಮನಸ್ಸಿನ ಡಾಕ್ಟರು ಕೊಟ್ಟ ಪ್ರಶ್ನೆಗಳಿಗೆ ಅವಳೇ ಗುರುತು ಹಾಕಿದಾಗ ಎಲ್ಲವೂ 'ಆಗಾಗ', 'ತುಂಬಾ ಸಲ' ಎಂಬ ಕಡೆಗೇ ಬಿದ್ದವು. ಆದರೆ ಡಾಕ್ಟರು, "ಇದು ಬರೇ ಜರಡಿ. ಜರಡಿಯಲ್ಲಿ ಉಳಿದದ್ದೆಲ್ಲ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ಕಾಯಿಲೆ, ಅಲ್ಲ. ನಿದ್ದೆಗೆಟ್ಟವರಿಗೂ, ಚಿಂತೆಯವರಿಗೂ ಗಮನ ನಿಲ್ಲುವುದಿಲ್ಲ. ಅದೇ ಹೌದಾದರೆ ಸಣ್ಣದರಲ್ಲೇ ಕಂಡಿರಬೇಕು. ಕಂಡವರನ್ನು ಕರ್ಕೊಂಡು ಬನ್ನಿ" ಎಂದಿದ್ದರು. ಕಂಡವರು ಬಂದು ಬಂಗುಡೆ ಸಾರಿನ ಸುದ್ದಿ ಹೇಳುತ್ತಿದ್ದರು.

"ಹಾಗಾದರೆ ಸಣ್ಣದರಲ್ಲಿ ಇರಲಿಲ್ಲ ಅಂತಾಯ್ತು. ಬೇರೆ ಎಂತ ಕಾರಣ ಅಂತ ಹುಡುಕುವ," ಎಂದರು ಡಾಕ್ಟರು.

"ಮಮ್ಮಿ," ಸೋನಿಯಾ ತಾಯಿಯ ಕಡೆ ತಿರುಗಿದಳು. "ಇಲ್ಲಿ ಹುಡುಗನ ಕಡೆಯವರು ಯಾರೂ ಇಲ್ಲ. ಇರ್ವಿನ್ ನನ್ನನ್ನು ಕಟ್ಟಿಕೊಂಡು ಎಷ್ಟೋ ವರ್ಷ ಆಯ್ತು, ಇನ್ನು ವಾಪಸ್ ಕೊಡ್ಲಿಕ್ಕೆ ಆಗುವುದಿಲ್ಲ. ಇದು ಕಾಯಿಲೆ ಅಲ್ಲದಿದ್ದರೆ ನಾನು ಬರೇ ಉಡಾಫೆಯವಳು ಅಂತ ಅರ್ಥ. ಉಡಾಫೆಯವಳ ಕೈಗೆ ಸೂಜಿ ಕೊಡ್ಲಿಕ್ಕುಂಟಾ? ನಾನು ಇನ್ನು ಆ ಕೆಲಸಕ್ಕೆ ಹೋಗುವುದಿಲ್ಲ."

ಎಸ್ತೆರ್ ಬಾಯಿ ಕಕ್ಕಾಬಿಕ್ಕಿಯಾದರು. ಡಾಕ್ಟರು ಮಗಳು ಗುರುತು ಹಾಕಿದ ಹಾಳೆಯನ್ನು ಎತ್ತಿಕೊಂಡು, "ಇವಳಿಗೆ ಕೇಳಿದ್ದನ್ನೇ ಓದ್ತೇನೆ ಅಮ್ಮ, ಸುಮ್ಮನೆ ಕೇಳಿ" ಎಂದು ಕನ್ನಡ ಮಾಡಿ ಓದತೊಡಗಿದರು. ಕೆಲಸ ಮುಕ್ಕಾಲು ಮುಗಿದ ಮೇಲೆ ಉಳಿದದ್ದನ್ನು ಹಾಗೇ ಬಿಡುವುದುಂಟಾ? ಎಸ್ತೆರ್ ಬಾಯಿಯ ಕಣ್ಣೆದುರು, ಅರ್ಧ ಅಂಚು ಮಾತ್ರ ಹೊಲಿದ ಲಂಗವೊಂದು ಬಂದು ನಿಂತಿತು. ಎದುರಿನವರು ಮಾತಾಡುವಾಗ ಮನಸ್ಸು ಎಲ್ಲೋ ಹೋಗುವುದುಂಟಾ? ಸಂಜೆ ಜಪಸರ ಹಿಡಿದು ಪ್ರಾರ್ಥಿಸುವಾಗ ಇವಳ ಸರದಿಗೆ ಇಡೀ ಮನೆ ಬಾಯಿ ಮುಚ್ಚಿ ಕಾಯುತ್ತಿದ್ದದ್ದು ನೆನಪಾಯಿತು.

"ನಿಲ್ಲಿಸಿ ಡಾಕ್ಟ್ರೇ. ಇದನ್ನು ಯಾರು ಬರೆದದ್ದು?"

"ಹೊರದೇಶದ ಡಾಕ್ಟರುಗಳು."

"ಅವರು ಬಜಪೆಗೆ ಬಂದಿದ್ದರಾ?"

"ಇಲ್ಲಮ್ಮ. ಇಂಥವರು ಎಲ್ಲ ಊರಲ್ಲಿಯೂ ಇದ್ದಾರೆ."

ಎಸ್ತೆರ್ ಬಾಯಿ ಮೆಲ್ಲಗೆ ಶಿಲುಬೆಯ ಗುರುತು ಮಾಡಿಕೊಂಡರು. ಹೊರಗಿನ ಯಾರ ಕಿವಿಗೂ ಬೀಳದಂತೆ ತಾನು ಮುಚ್ಚಿಟ್ಟದ್ದನ್ನು, ಕಡಲಾಚೆ ಕೂತ ಯಾರೋ ಪಕ್ಕದ ಕಿಟಕಿಯಿಂದ ನೋಡಿದವರ ಹಾಗೆ ಬರೆದಿಟ್ಟಿದ್ದಾರಲ್ಲ! ಲೋಕದಲ್ಲಿ ಎಷ್ಟು ತಾಯಂದಿರು ಹೀಗೆ ಸೆರಗಿನೊಳಗೆ ಮುಚ್ಚಿಟ್ಟುಕೊಂಡಿರಬೇಕು!

"ಬರ್ಕೊಳ್ಳಿ," ಎಂದರು. "ಮೊಂತಿ ಹಬ್ಬಕ್ಕೆ ಮಾತೆಗೆ ಹಾಕ್ಲಿಕ್ಕೆ ಬುಟ್ಟಿ ತುಂಬ ಹೂ ಕೊಟ್ಟು ಇಗರ್ಜಿಗೆ ಕಳಿಸಿದ್ದೆ. ಇವಳು ಮುಟ್ಟಿದಳು, ಬುಟ್ಟಿ ಮುಟ್ಟಲಿಲ್ಲ. ಬಾವಿಕಟ್ಟೆಯಲ್ಲಿ ಬುಟ್ಟಿ ಇಟ್ಟು ಕಪ್ಪೆ ನೋಡಿದವಳು ಅಲ್ಲಿಂದ ಕೈಬೀಸಿಕೊಂಡು ಹೋಗಿದ್ದಾಳೆ. ಪರೀಕ್ಷೆಯಲ್ಲಿ ಹಾಳೆಯ ಹಿಂದೆಯೂ ಪ್ರಶ್ನೆ ಇರ್ತದೆ ಅಂತ ತಿರುಗಿಸಿ ಸಹ ನೋಡದೆ ಎದ್ದು ಬಂದದ್ದುಂಟು. ಒಂದು ದಿನ ಶಾಲೆಗೆ ಒಂದು ಕಾಲಿಗೆ ನನ್ನ ಚಪ್ಪಲಿ, ಒಂದು ಕಾಲಿಗೆ ಅವಳದ್ದು..."

ಒಂದೊಂದು ಕುಂದು ಹೊರಬಿದ್ದಂತೆಲ್ಲ ಸೋನಿಯಾಳ ಬೆನ್ನು ನೆಟ್ಟಗಾಗುತ್ತ ಬಂತು. ಅಳುವಿನ ನಡುವೆಯೇ ನಕ್ಕಳು. "ಚಪ್ಪಲಿಯದ್ದು ನನಗೆ ನೆನಪೇ ಇಲ್ಲ ಮಮ್ಮಿ."

"ನಿನಗೆ ಎಂತ ನೆನಪುಂಟು?"

ಡಾಕ್ಟರಿಗೂ ನಗು ತಡೆಯಲಾಗಲಿಲ್ಲ. "ಇನ್ನೂ ಕೆಲವು ಪರೀಕ್ಷೆ ಆಗಬೇಕು. ಆದರೆ ಇದು ಉಡಾಫೆ ಅಲ್ಲ ಅಂತ ಇವತ್ತೇ ಹೇಳ್ತೇನೆ ಸೋನಿಯಾ. ಮದ್ದು ಉಂಟು, ದಾರಿ ಉಂಟು. ಕೆಲಸ ಬಿಡುವ ಮಾತು ಈಗ ಬೇಡ."

ಎಸ್ತೆರ್ ಬಾಯಿಗೆ ಆಗ ಇನ್ನೊಂದು ಹೊಳೆಯಿತು. ಮಗಳನ್ನು ಅಡಿಯಿಂದ ಮುಡಿಯವರೆಗೆ, ಹೊಸಬಳನ್ನು ಕಂಡವರಂತೆ ನೋಡಿದರು. "ಅಲ್ಲ ಬಾಯೆ, ತಲೆಯೊಳಗೆ ಇಷ್ಟೆಲ್ಲ ಇಟ್ಟುಕೊಂಡು ನೀನು ನರ್ಸಿಂಗ್ ಪಾಸಾದದ್ದು ಹೇಗೆ? ಇಷ್ಟು ವರ್ಷ ಅಷ್ಟು ಜನರಿಗೆ ಮದ್ದು ಕೊಟ್ಟದ್ದು ಹೇಗೆ?"

"ಹೀಗೆ," ಎಂದು ಸೋನಿಯಾ ಎಡಗೈಯ ಮುಷ್ಟಿ ಬಿಡಿಸಿ ಮೇಜಿನ ಮೇಲಿಟ್ಟಳು. ಅಂಗೈಯಲ್ಲಿ ನೀಲಿ ಪೆನ್ನಿನ ಬರಹ, ಬೆವರಿಗೆ ಅರ್ಧ ಕದಡಿತ್ತು. ಎಸ್ತೆರ್ ಬಾಯಿ ಬಗ್ಗಿ, ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು.

"ಹತ್ತು ಗಂಟೆ. ಬಸ್‌ಸ್ಟಾಪ್. ಮಮ್ಮಿ."